ಚಿಕ್ಕ ರೈಲಿನ ಅಳತೆ

ಕೆಜಿಎಫ್ ಅಂದ ಕೂಡಲೇ ಈಗ ಎಲ್ಲರಿಗೂ ಸಿನಿಮಾ ನೆನಪಾಗುತ್ತೆ. ಅದಕ್ಕೂ ಮುಂಚೆ ಚಿನ್ನ ನೆನಪಾಗ್ತಿತ್ತು. ನಮ್ಮ ಕಡೆಯವರಿಗೆ ಇವೆರಡರ ಜೊತೆ ರೈಲೂ ನೆನಪಾಗುತ್ತೆ. ಆದರೆ ರೈಲಿನ ವಿಷಯದಲ್ಲಿ ನಮ್ಮವರಲ್ಲೇ ಒಂದು ಗೊಂದಲ ಇದೆ. "ಕೆಜಿಎಫ್‌ಗೆ ಮೊದಲು ನ್ಯಾರೋಗೇಜ್ ರೈಲು ಹೋಗ್ತಿತ್ತು" ಅಂತ ಎಷ್ಟೋ ಜನ ಹೇಳೋದನ್ನ ಕೇಳಿದ್ದೀನಿ. ಹಾಗಲ್ಲ. ಬಂಗಾರಪೇಟೆಯಿಂದ ಕೋರಮಂಡಲ, ಉರಿಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂಗೆ ಹೋಗೋ ಲೈನು 1894ರಲ್ಲಿ ಹಾಕಿದಾಗಲೇ ಬ್ರಾಡ್‌ಗೇಜ್. ಗಣಿಗೆ ಬೇಕಾದ ಭಾರೀ ಯಂತ್ರ, ಕಲ್ಲಿದ್ದಲು ಎಲ್ಲ ಬರಬೇಕಿತ್ತಲ್ಲ. ಚಿಕ್ಕ ರೈಲು ಓಡ್ತಿದ್ದದ್ದು ಇನ್ನೊಂದು ದಿಕ್ಕಿಗೆ, ಕೋಲಾರದ ಕಡೆಗೆ. 1913ರಲ್ಲಿ ಶುರುವಾದ ಆ ಲೈನು ಆಮೇಲೆ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟದ ಮೇಲೆ ಚಿಕ್ಕಬಳ್ಳಾಪುರದವರೆಗೂ ಹೋಯ್ತು. ಎರಡು ಹಳಿಗಳ ನಡುವೆ ಎರಡೂವರೆ ಅಡಿ, ಅಂದರೆ 762 ಮಿಲಿಮೀಟರ್.

ಈಗ ಅದಿಲ್ಲ. 1992ರಲ್ಲಿ ಇಡೀ ದೇಶಕ್ಕೆ ಒಂದೇ ಗೇಜ್ ಮಾಡೋ ಯೋಜನೆ ಬಂತು. ಬಂಗಾರಪೇಟೆ–ಕೋಲಾರ ತುಂಡು ಅಗಲವಾಗಿ ಅದರ ಮೇಲೆ ರೈಲ್‌ಬಸ್ ಓಡಾಡಿತು. ಕೋಲಾರದಿಂದ ಚಿಕ್ಕಬಳ್ಳಾಪುರದವರೆಗಿನ ಭಾಗ ಬ್ರಾಡ್‌ಗೇಜ್ ಆಗಿ ಮುಗಿದದ್ದು 2013ರಲ್ಲಿ. ಒಳ್ಳೇದೇ ಆಯ್ತು, ಅದಕ್ಕೆ ನಾನು ಕಣ್ಣೀರು ಹಾಕೋನಲ್ಲ. ಬೆಂಗಳೂರಿಗೆ ದಿನಾ ಓಡಾಡೋ ಜನಕ್ಕೆ ದೊಡ್ಡ ರೈಲೇ ಬೇಕು. ಆದರೆ ಹೋದ ರೈಲು ಹೇಗಿತ್ತು ಅಂತ ನೋಡೋಣ ಅಂದ್ರೆ ಸಿಗೋದೆಲ್ಲ ಎಂಜಿನ್ ಫೋಟೋ. ಹೊಗೆ ಬಿಡೋ ಎಂಜಿನ್ ಚೆಂದ, ಎಲ್ಲರೂ ಅದಕ್ಕೇ ಕ್ಯಾಮೆರಾ ಹಿಡಿದರು. ಹಿಂದೆ ಜೋಡಿಸಿದ್ದ ಬೋಗಿಗಳು ಫೋಟೋದ ಅಂಚಿನಲ್ಲಿ ಅರ್ಧ ಬಂದಿರ್ತವೆ, ಇಲ್ಲಾ ಹೊಗೆಯಲ್ಲಿ ಮುಚ್ಚಿಹೋಗಿರ್ತವೆ. ನಮ್ಮ ಜನ ಕೂತಿದ್ದದ್ದು ಎಂಜಿನ್‌ನಲ್ಲಿ ಅಲ್ಲ, ಆ ಬೋಗಿಗಳಲ್ಲಿ.

ನಮ್ಮದು ಬಂಗಾರಪೇಟೆ–ಕೋಲಾರ ನಡುವಿನ ಒಂದು ಹಳ್ಳಿ. ನಾನೂ ಆ ರೈಲಿನಲ್ಲಿ ಅಮ್ಮನ ತೊಡೆ ಮೇಲೆ ಕೂತು ಹೋಗಿದ್ದೆನಂತೆ, ನೆನಪಿಲ್ಲ. ಈಗ ಹಗಲು ಬೆಂಗಳೂರಿನಲ್ಲಿ ಕೋಡ್ ಬರೀತೀನಿ, ರಾತ್ರಿ ಆಟಿಕೆ ರೈಲು ಕೊಯ್ತೀನಿ. ಆಟಿಕೆ ಅಂದ್ರೆ ಈ ಹುಚ್ಚು ಇರೋರಿಗೆ ಕೋಪ ಬರುತ್ತೆ, ಮಾದರಿ ರೈಲು ಅನ್ನಬೇಕು. ನಿಜವಾದ ರೈಲನ್ನು ಒಂದು ಗೊತ್ತಾದ ಪ್ರಮಾಣದಲ್ಲಿ ಇಳಿಸಿ ಮಾಡಿದ್ದು. ಹೆಚ್ಚು ಬಳಕೆಯಲ್ಲಿರೋದು ಎಚ್‌ಒ ಅನ್ನೋ ಪ್ರಮಾಣ, ನಿಜದ 87ರಲ್ಲಿ ಒಂದು ಪಾಲು. ಅದರ ಹಳಿಯ ಅಗಲ 16.5 ಮಿ.ಮೀ. ಅದಕ್ಕಿಂತ ಚಿಕ್ಕದು ಎನ್ ಗೇಜ್, ಅದರ ಹಳಿ 9 ಮಿ.ಮೀ.

ಇಲ್ಲೊಂದು ಅದೃಷ್ಟ ಇದೆ. ನಮ್ಮ ಚಿಕ್ಕ ರೈಲಿನ 762ನ್ನು 87ರಿಂದ ಭಾಗಿಸಿದರೆ 8.76 ಬರುತ್ತೆ. ಅಂದರೆ ಎನ್ ಗೇಜ್‌ನ 9 ಮಿ.ಮೀ. ಹಳಿ ಹೆಚ್ಚುಕಮ್ಮಿ ಸರಿಯಾಗಿ ಕೂರುತ್ತೆ. ದೊಡ್ಡ ರೈಲಿಗೇ ಈ ಭಾಗ್ಯ ಇಲ್ಲ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ., ಭಾಗಿಸಿದರೆ 19ರ ಮೇಲೆ ಬರುತ್ತೆ, ಅಂಗಡಿಯಲ್ಲಿ ಸಿಗೋ ಎಚ್‌ಒ ಹಳಿ 16.5ಕ್ಕೇ ನಿಂತುಬಿಡುತ್ತೆ. ಹೀಗಾಗಿ ಉಪಾಯ ಸರಳ: ಅಡಿಗೆ ಎನ್ ಗೇಜ್‌ನ ಚಕ್ರ, ಮೇಲೆ ಎಚ್‌ಒ ಪ್ರಮಾಣದ ಬೋಗಿ. (ನಾವು ಬೋಗಿ ಅನ್ನೋದು ಇಡೀ ಡಬ್ಬಿಯನ್ನ. ರೈಲ್ವೆ ಎಂಜಿನಿಯರುಗಳು ಬೋಗಿ ಅನ್ನೋದು ಅದರಡಿಯ ಚಕ್ರದ ಚೌಕಟ್ಟನ್ನ. ಇಲ್ಲಿ ನಮ್ಮ ಅರ್ಥದಲ್ಲೇ ಬರೀತಿದ್ದೀನಿ.)

ಆಸ್ಟ್ರಿಯಾದಲ್ಲಿ 760 ಮಿ.ಮೀ. ಗೇಜಿನ ಬೆಟ್ಟದ ರೈಲುಗಳಿವೆ, ಅವುಗಳ ಮಾದರಿ ರೆಡಿಮೇಡ್ ಸಿಗುತ್ತೆ. ನಮಗೂ ಅವರಿಗೂ ಎರಡೇ ಮಿಲಿಮೀಟರ್ ವ್ಯತ್ಯಾಸ. ಅದನ್ನೇ ತಂದು ಬಣ್ಣ ಬಳೀಬಹುದಲ್ಲ ಅಂತ ಸ್ನೇಹಿತರು ಕೇಳಿದರು. ಬೆಲೆ ಹಾಗಿರಲಿ, ಅದರ ಎರಡು ತುದಿಗೂ ಕಂಬಿ ಹಾಕಿದ ಮೊಗಸಾಲೆ, ದೊಡ್ಡ ಗಾಜಿನ ಕಿಟಕಿ. ಕೆಂಪು ಬಣ್ಣ ಬಳಿದರೆ ಕೆಂಪು ಆಸ್ಟ್ರಿಯಾ ಆಗುತ್ತೆ, ಕೋಲಾರ ಆಗಲ್ಲ. ಅದಕ್ಕೆ ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಹಳೇ ಯುರೋಪಿಯನ್ ಎಚ್‌ಒ ಬೋಗಿ ತಗೊಂಡೆ. ಇನ್ನೊಂದು ಮುರಿದ ಎನ್ ಗೇಜ್ ಬೋಗಿಯಿಂದ ಚಕ್ರಗಳನ್ನ ಕಳಚಿಕೊಂಡೆ. ಬ್ಲೇಡು, ಅರ, ಉಕ್ಕಿನ ಸ್ಕೇಲು ಎಸ್‌.ಪಿ. ರೋಡಿನಲ್ಲಿ ಸಿಕ್ಕವು.

ಎಲ್ಲಿ ಕೊಯ್ಯಬೇಕು ಅಂತ ಗೊತ್ತಾಗಬೇಕಾದರೆ ಅಳತೆ ಬೇಕು. ಅಳತೆ ಎಲ್ಲಿದೆ? ಒಂದು ಫೋಟೋದಲ್ಲಿ ಕೊನೆಯ ಬೋಗಿಯ ಹಿಂಭಾಗ ನೇರವಾಗಿ ಬಂದಿತ್ತು, ಹಳಿಯೂ ಕಾಣ್ತಿತ್ತು. ಹಳಿ ಎರಡೂವರೆ ಅಡಿ ಅಂತ ಗೊತ್ತಲ್ಲ, ಅದನ್ನೇ ಅಡಿಕೋಲು ಮಾಡ್ಕೊಂಡು ಅಳೆದರೆ ಬೋಗಿ ಹಳಿಯ ಸುಮಾರು ಮೂರು ಪಟ್ಟು ಅಗಲ ಇತ್ತು. ಏಳೂವರೆ ಅಡಿ ಹತ್ತಿರ. ಇದನ್ನ ನೋಡಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಈಗ ನಾವು ಓಡಾಡೋ ಐಸಿಎಫ್ ಬೋಗಿ 3245 ಮಿ.ಮೀ. ಅಗಲ, ಅದು ಬ್ರಾಡ್‌ಗೇಜ್ ಹಳಿಯ ಎರಡು ಪಟ್ಟೂ ಇಲ್ಲ. ಚಿಕ್ಕ ರೈಲು ಅಂದ್ರೆ ದೊಡ್ಡ ರೈಲನ್ನ ಕುಗ್ಗಿಸಿದ್ದಲ್ಲ. ಕಿರಿದಾದ ಕಾಲಿನ ಮೇಲೆ ಆದಷ್ಟೂ ಜನರನ್ನ ಹೊತ್ತುಕೊಂಡಿದ್ದು. ಗೇಜ್ ಚಿಕ್ಕದಾದರೆ ಮಣ್ಣು ಕಮ್ಮಿ, ಸೇತುವೆ ಚಿಕ್ಕದು, ತಿರುವು ಬಿಗಿ, ಖರ್ಚು ಕಮ್ಮಿ. ಆದರೆ ಜನ ಚಿಕ್ಕದಾಗಲ್ಲವಲ್ಲ.

ಮಾದರಿಯಲ್ಲಿ ಏಳೂವರೆ ಅಡಿ ಅಂದ್ರೆ 26 ಮಿ.ಮೀ. ನನ್ನ ಯುರೋಪಿಯನ್ ಬೋಗಿ 33 ಇತ್ತು. ಚಾವಣಿಯ ನಡುಮಧ್ಯದಲ್ಲಿ ಉದ್ದಕ್ಕೂ 7 ಮಿ.ಮೀ. ಪಟ್ಟಿ ಕೊಯ್ದು ತೆಗೆದು ಎರಡು ಹೋಳನ್ನ ಅಂಟಿಸಿದೆ. ದುಂಡಗಿನ ಚಾವಣಿಯ ನಡುವಿನ ಭಾಗ ಹೋದರೆ ಅದು ಗುಡಿಸಲಿನ ಸೂರಿನ ಹಾಗೆ ಚೂಪಾಗುತ್ತೆ. ಅದಕ್ಕೆ ಪುಟ್ಟಿ ಹಚ್ಚಿ, ಒಣಗಿಸಿ, ಉಜ್ಜಿ, ಮತ್ತೆ ಹಚ್ಚಿ ಗುಂಡಗೆ ಮಾಡೋಕೆ ನಾಲ್ಕು ರಾತ್ರಿ ಹಿಡೀತು. ಎರಡು ತುದಿಗೆ ಚಪ್ಪಟೆ ಪ್ಲಾಸ್ಟಿಕ್ ಹಾಳೆ ಹಾಕಿದೆ.

ಅಗಲ ಮುಗೀತು. ಎತ್ತರ? ಕಿಟಕಿ? ಒಳಗಿನ ಬೆಂಚು? ಇದಕ್ಕೆ ಫೋಟೋ ಇಲ್ಲ. ಅಮ್ಮ ಇದ್ದಾಳೆ.

ಅಮ್ಮ ಮದುವೆಯಾಗಿ ಬಂದ ಹೊಸದರಿಂದ ರೈಲು ನಿಲ್ಲೋವರೆಗೂ ಕೋಲಾರದ ಸಂತೆಗೆ ತರಕಾರಿ ಬುಟ್ಟಿ ತಗೊಂಡು ಅದರಲ್ಲೇ ಹೋಗ್ತಿದ್ದಳು. "ಬೋಗಿ ಹೇಗಿತ್ತಮ್ಮಾ?" ಅಂದ್ರೆ "ಅಯ್ಯೋ, ಚೆನ್ನಾಗಿತ್ತು ಕಣಪ್ಪ, ಒಳ್ಳೇ ಕಾಲ" ಅಂದಳು. ನಮ್ಮ ಆಫೀಸಿನಲ್ಲಿ ಕಸ್ಟಮರ್ ಹತ್ರ ಹೋಗಿ "ಸಾಫ್ಟ್‌ವೇರ್ ಹೇಗಿರಬೇಕು" ಅಂದ್ರೆ "ಚೆನ್ನಾಗಿರಬೇಕು" ಅಂತಾರೆ, ಥೇಟ್ ಹಾಗೆ. ಅಲ್ಲಿ ನಾವೇನು ಮಾಡ್ತೀವಿ? ಬೆಳಗ್ಗೆ ಬಂದು ಮೊದಲು ಏನು ಮಾಡ್ತೀರಿ, ಕೈ ಎಲ್ಲಿಡ್ತೀರಿ, ಮಾಡಿ ತೋರಿಸಿ ಅಂತೀವಿ. ಅಮ್ಮನಿಗೂ ಅದನ್ನೇ ಹೇಳಿದೆ. ರೈಲು ಹತ್ತಿ ತೋರ್ಸು ಅಂದೆ.

ಖಾಲಿ ಬುಟ್ಟಿ ತಂದಳು. ಮೊದಲು ಅಡುಗೆಮನೆ ಕಟ್ಟೆ ಮೇಲಿಟ್ಟು "ಇಷ್ಟೆತ್ತರ ಇರ್ಲಿಲ್ಲ" ಅಂದಳು. ಹೊರಗೆ ಬಂದು ಜಗಲಿ ಮೇಲಿಟ್ಟಳು. "ಇಷ್ಟೇ ನೋಡು. ನಾನೇ ಇಟ್ಟು, ನಾನೇ ಹತ್ತಿ, ಒಳಕ್ಕೆ ಎಳ್ಕೊತಿದ್ದೆ. ದೊಡ್ಡ ರೈಲಿಗೆ ಇನ್ನೊಬ್ಬರು ಎತ್ತಿ ಕೊಡ್ಬೇಕು, ಅದಕ್ಕೆ ಆಳು ಬೇಕು." ಟೇಪು ಹಿಡಿದೆ. ಜಗಲಿ 27 ಇಂಚು. 87ರಲ್ಲಿ ಒಂದು ಪಾಲು ಅಂದ್ರೆ 8 ಮಿ.ಮೀ.ಗೆ ಕೂದಲೆಳೆ ಕಮ್ಮಿ. ನನ್ನ ಎಚ್‌ಒ ಬೋಗಿಯ ನೆಲ ಹಳಿಯಿಂದ 14 ಮಿ.ಮೀ. ಮೇಲಿತ್ತು. ಅದನ್ನ ಹಾಗೇ ಸಣ್ಣ ಚಕ್ರದ ಮೇಲೆ ಕೂರಿಸಿದ್ದರೆ ಒಂಟೆಗೆ ಮೇಕೆ ಕಾಲು ಜೋಡಿಸಿದ ಹಾಗೆ ಕಾಣ್ತಿತ್ತು. ಅಡಿಭಾಗ ಪೂರ್ತಿ ತೆಗೆದು ಹೊಸ ನೆಲವನ್ನ ಅಮ್ಮನ ಲೆಕ್ಕಕ್ಕೆ ಇಳಿಸಿದೆ.

ಆಮೇಲೆ ಬೆಂಚು. ಎದುರುಬದುರು ಮರದ ಬೆಂಚು, ಕೂತರೆ ಎದುರಿನವರ ಮೊಣಕಾಲು ತಗಲ್ತಿತ್ತು ಅಂತ ಹೇಳಿದಳು. ಎರಡು ಸ್ಟೂಲು ಹಾಕಿ ಎದುರುಬದುರು ಕೂತೆವು. "ಇನ್ನೂ ಹತ್ರ ಬಾ. ಇನ್ನೂ ಬಾ. ಆಂ, ಇಷ್ಟು. ಇಷ್ಟೊತ್ತಿಗೆ ಎದುರುಗಡೆಯೋರು ಬೈತಿದ್ರು." ನಗ್ತಾ ನಗ್ತಾ ಅಳೆದೆವು. ಒಂದು ಜೋಡಿ ಬೆಂಚಿಗೆ ಬೆನ್ನಿಂದ ಬೆನ್ನಿಗೆ ಐದಡಿ, ಮಾದರಿಯಲ್ಲಿ ಹದಿನೇಳೂವರೆ ಮಿ.ಮೀ. ಯುರೋಪಿಯನ್ ಬೋಗಿಯಲ್ಲಿ ಅದು 23 ಇತ್ತು. ಪ್ರತಿ ಅಂಕಣದಿಂದಲೂ ಐದೂವರೆ ಮಿ.ಮೀ. ಕೊಯ್ದೆ. ದೊಡ್ಡ ಗಾಜಿನ ಕಿಟಕಿಗೆ ಹಾಳೆ ತುಂಬಿ, ಚಿಕ್ಕದಾಗಿ ಕತ್ತರಿಸಿ, ಹಾಳಾದ ಇಯರ್‌ಫೋನ್ ವೈರಿನ ಎಳೆಗಳನ್ನ ಅಡ್ಡಕ್ಕೆ ಅಂಟಿಸಿ ಕಂಬಿ ಮಾಡಿದೆ. ಆ ಎಳೆ ಮಿಲಿಮೀಟರ್‌ನ ಹತ್ತರಲ್ಲಿ ಒಂದು ಪಾಲು ದಪ್ಪ. ನಿಜದ ಲೆಕ್ಕದಲ್ಲಿ 9 ಮಿ.ಮೀ. ಕಂಬಿ, ಒಪ್ಪೋ ಹಾಗಿದೆ.

ಕಾವಿ ಕೆಂಪು ಬಣ್ಣ ಬಳಿದು, ಊರಿನ ಮಣ್ಣನ್ನ ಬಟ್ಟೆಯಲ್ಲಿ ಸೋಸಿ ಕೆಳಭಾಗಕ್ಕೆ ಧೂಳು ಹಿಡಿಸಿ ಅಮ್ಮನ ಕೈಗೆ ಕೊಟ್ಟೆ. ಕನ್ನಡಕ ಹಾಕ್ಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಚಾವಣಿ ಎತ್ತಿ ಒಳಗೂ ನೋಡಿದಳು.

"ಎಲ್ಲಾ ಸರಿ. ನಾನೆಲ್ಲಿ ಕೂತ್ಕೋಬೇಕು?"

"ಬೆಂಚಿದೆಯಲ್ಲಮ್ಮ."

"ಬೆಂಚಿನ ಮೇಲೆ ಬರೋವಾಗ ಕೂರ್ತಿದ್ದದ್ದು, ಬುಟ್ಟಿ ಖಾಲಿಯಾದ ಮೇಲೆ. ಹೋಗೋವಾಗ ಬಾಗಿಲ ಹತ್ರ ನೆಲದ ಮೇಲೆ. ಬುಟ್ಟಿ ಬಿಟ್ಟು ಬೆಂಚಿಗೆ ಹೋಗೋಕಾಗುತ್ತಾ? ನಾವು ಏಳೆಂಟು ಜನ ಹೆಂಗಸ್ರು ಅಲ್ಲೇ ಕೂರ್ತಿದ್ವಿ. ನಿನ್ನನ್ನೂ ಅಲ್ಲೇ ಕೂರಿಸ್ಕೊತಿದ್ದೆ. ಇದರಲ್ಲಿ ಬಾಗಿಲ ಹತ್ರ ಜಾಗಾನೇ ಇಲ್ಲ."

ನನ್ನ ಸ್ಕೂಲ್ ಫೀಸು, ಆಮೇಲೆ ಬಿಇ ಅರ್ಜಿ ದುಡ್ಡು ಎಲ್ಲ ಆ ಬುಟ್ಟಿಯಿಂದ ಬಂದದ್ದು ಅಂತ ಗೊತ್ತಿತ್ತು. ಆ ಬುಟ್ಟಿ ಪ್ರಯಾಣದ ಅರ್ಧ ದಾರಿ ನೆಲದ ಮೇಲೆ ನಡೀತಿತ್ತು ಅಂತ ಗೊತ್ತಿರಲಿಲ್ಲ. ಅಮ್ಮ ಅದನ್ನ ದುಃಖದಿಂದ ಹೇಳಲಿಲ್ಲ, ನಕ್ಷೆಯಲ್ಲಿ ಬಿಟ್ಟುಹೋದ ಒಂದು ಕೋಣೆ ತೋರಿಸಿದ ಹಾಗೆ ಹೇಳಿದಳು. "ಇದನ್ನೆಲ್ಲ ನನ್ನ ಯಾರೂ ಕೇಳಿರ್ಲಿಲ್ಲ ಕಣಪ್ಪ" ಅಂತ ಸೇರಿಸಿದಳು ಅಷ್ಟೇ.

ಬಾಗಿಲ ಪಕ್ಕದ ಒಂದು ಜೋಡಿ ಬೆಂಚು ಕಿತ್ತು ಆ ಜಾಗ ಖಾಲಿ ಬಿಟ್ಟೆ. ಎಲ್ಲ ಬೋಗಿಗಳೂ ಹೀಗೇ ಇದ್ದವು ಅಂತ ನಾನು ಹೇಳ್ತಿಲ್ಲ. ಅಮ್ಮ ಕೂತ ಬೋಗಿ ಹೀಗಿತ್ತು. ಅದೀಗ ನನ್ನ ಮೇಜಿನ ಮೇಲೆ ಬಂಗಾರಪೇಟೆಯ ಪುಟ್ಟ ಪ್ಲಾಟ್‌ಫಾರಂನ ಒಂದು ಬದಿಗೆ ನಿಂತಿದೆ. ಇನ್ನೊಂದು ಬದಿಗೆ ಮಾರಿಕುಪ್ಪಂಗೆ ಹೋಗೋ ದೊಡ್ಡ ಬೋಗಿ. ಅಪ್ಪ ಗಣಿಯಲ್ಲಿದ್ದ ನನ್ನ ಉರಿಗಾಂ ಸ್ನೇಹಿತ ಬಂದು ನೋಡಿ, "ನಮ್ಮ ರೈಲಿನ ಪಕ್ಕ ನಿಮ್ದು ಎಷ್ಟು ಕುಳ್ಳ ಮಗಾ" ಅಂತ ರೇಗಿಸಿದ. ಗಣಿ 2001ರಲ್ಲಿ ಮುಚ್ಚಿತು, ಅವನ ಅಪ್ಪನಿಗೆ ಈಗ ಎಪ್ಪತ್ತರ ಮೇಲೆ. ಶಾಫ್ಟ್‌ನೊಳಗೆ ಇಳಿಯೋ ಪಂಜರದಲ್ಲಿ ಎಷ್ಟು ಜನ ನಿಲ್ತಿದ್ರು, ತಲೆ ಮೇಲೆ ಎಷ್ಟು ಜಾಗ ಇತ್ತು ಕೇಳಿದೀಯಾ ಅಂದೆ. ಇಲ್ಲ ಅಂದ. ಟೇಪು ಕೊಟ್ಟು ಕಳಿಸಿದೆ.

ನಿಮ್ಮ ಮನೆಯಲ್ಲೂ ಯಾರಾದರೂ ಇರ್ತಾರೆ. ಮುಳುಗಿದ ಊರು, ಕೆಡವಿದ ಮಿಲ್ಲು, ನಿಂತುಹೋದ ಗಾಣ ನೋಡಿದವರು. ಅವರನ್ನ ಹೇಗಿತ್ತು ಅಂತ ಕೇಳಿದರೆ "ಚೆನ್ನಾಗಿತ್ತು" ಅಂತಾರೆ, ಮಾತು ಅಲ್ಲಿಗೆ ಮುಗಿಯುತ್ತೆ. ಎಷ್ಟಿತ್ತು ಅಂತ ಕೇಳಿ. ಎಷ್ಟು ಎತ್ತರ, ಎಷ್ಟು ಹತ್ತಿರ, ನೀವೆಲ್ಲಿ ಕೂರ್ತಿದ್ರಿ ಅಂತ ಕೇಳಿ. ಟೇಪು ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತೆ.