ಎದುರಾಳಿ ಕೂಗಿದ ಮೇಲೆ

2018ರಲ್ಲಿ ಜಕಾರ್ತದ ಏಷ್ಯನ್ ಗೇಮ್ಸ್‌ನಲ್ಲಿ ಬ್ರಿಜ್ ಆಟಕ್ಕೆ ಭಾರತಕ್ಕೆ ಚಿನ್ನ ತಂದವರು ಪ್ರಣಬ್ ಬರ್ಧನ್, ಶಿಬ್‌ನಾಥ್ ಸರ್ಕಾರ್. ಬರ್ಧನ್‌ಗೆ ಆಗ 60 ವರ್ಷ! ಮಕ್ಕಳೇ, ತಾತಂದಿರನ್ನು ಹಗುರವಾಗಿ ಕಾಣಬೇಡಿ.

ಬ್ರಿಜ್‌ಗೆ ನಾಲ್ವರು ಬೇಕು. ಬ್ಯಾಂಕಿನಲ್ಲಿ ನನ್ನ ಜೊತೆಗಾರನಾಗಿದ್ದ ಗೆಳೆಯ ತೀರಿಕೊಂಡ ಮೇಲೆ ಎಲೆಗಳು ಪೆಟ್ಟಿಗೆ ಸೇರಿದ್ದವು. ಈ ಬೇಸಿಗೆಯಲ್ಲಿ ಕುದಾಪುರದ ಬಿಸಿಲಿಗೆ ಹೊರಗೆ ಹೋಗಲಾರದ ಮೊಮ್ಮಕ್ಕಳಿಬ್ಬರು ಅವನ್ನು ಹೊರತೆಗೆದರು. ದುಡ್ಡು ಕಟ್ಟುವಂತಿಲ್ಲ ಎಂಬ ಕರಾರಿನ ಮೇಲೆ ನಮ್ಮ ಮನೆಯವರೂ ಕೂತರು.

ಒಬ್ಬೊಬ್ಬರಿಗೆ 13 ಎಲೆ. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1, ಒಟ್ಟು 40 ಅಂಕ. ಆಮೇಲೆ ಒಡವೆ ಹರಾಜಿನಂತೆ ಕೂಗು. ಎದುರಾಳಿ ‘ಒಂದು ಆಟೀನು’ ಎಂದರೆ, ಅವನಲ್ಲಿ ಸುಮಾರು 12 ಅಂಕವಾದರೂ ಇದೆ, ಆಟೀನು ತುರುಪಾದರೆ 7 ಕೈ ಗೆಲ್ಲುತ್ತೇವೆ ಎಂದು ಅರ್ಥ.

ಈಗ ನೀವೇನು ಹೇಳುತ್ತೀರಿ? ಮೊಮ್ಮಗನಿಗೆ ಸುಮ್ಮನಿರಲಾಗದು. ‘ಪಾಸ್ ಅನ್ನೋದೂ ಒಂದು ಮಾತೇ ಕಣಪ್ಪ’ ಎಂದೆ. ಐದು ಒಳ್ಳೆಯ ಇಸ್ಪೀಟು ಎಲೆ ಇದ್ದರೆ ‘ಒಂದು ಇಸ್ಪೀಟು’ ಎನ್ನಬಹುದು. ಆಟೀನು ಕಡಿಮೆಯಿದ್ದು, ಉಳಿದ ಮೂರು ಬಣ್ಣವೂ ಇದ್ದು, ಅಂಕವೂ ಚೆನ್ನಾಗಿದ್ದರೆ ‘ಡಬಲ್’. ಕೇಳಲು ಬೆದರಿಕೆಯಂತಿದ್ದರೂ, ಅದು ಜೊತೆಗಾರನಿಗೆ ‘ನಿನ್ನ ಬಣ್ಣ ಹೇಳು’ ಎಂಬ ಕೋರಿಕೆ.

ನನಗಿಷ್ಟವಾದದ್ದು ಇನ್ನೊಂದು. ಅಂಕ ಕಡಿಮೆ, ಆದರೆ ಒಂದೇ ಬಣ್ಣದ ಆರು ಎಲೆ ಇವೆ. ಆಗ ಒಂದು ಮೆಟ್ಟಿಲು ಹಾರಿ ಕೂಗುವುದು. ಎದುರಾಳಿಗಳಿಗೆ ಪರಸ್ಪರ ಸುದ್ದಿ ಹೇಳಿಕೊಳ್ಳಲು ಜಾಗವೇ ಉಳಿಯದು.

ಮೊನ್ನೆ ನಾನು ‘ಒಂದು ಡೈಮಂಡ್’ ಎಂದೆ. ನಮ್ಮ ಮನೆಯವರು ಕನ್ನಡಕ ಸರಿಮಾಡಿಕೊಂಡು ‘ಎರಡು ಇಸ್ಪೀಟು’ ಎಂದರು. ನನ್ನ ಜೊತೆಗಾರ್ತಿ ಮೊಮ್ಮಗಳು ಎಲೆ ನೋಡಿದಳು, ನನ್ನನ್ನು ನೋಡಿದಳು, ‘ಪಾಸ್’ ಎಂದಳು.