ಕಟ್ಟಿದವರೂ ಕಾಯುವವರೂ

ಲೋಕದಲ್ಲಿ ಶಂಕುಸ್ಥಾಪನೆಗೆ ದೊರೆಯುವ ಮರ್ಯಾದೆ ಸುಣ್ಣ ಬಳಿಯುವುದಕ್ಕೆ ದೊರೆಯುವುದಿಲ್ಲ. ಮನೆ ಕಟ್ಟಿಸಿದವನು ಗೃಹಪ್ರವೇಶದ ದಿನ ನೂರಾರು ಜನಕ್ಕೆ ಊಟವಿಕ್ಕಿಸಿ, ಹೆಗಲ ಮೇಲಿನ ಶಲ್ಯವನ್ನು ಸರಿಪಡಿಸಿಕೊಳ್ಳುತ್ತ ನಡುಮನೆಯಲ್ಲಿ ಓಡಾಡುತ್ತಾನೆ. ಮುಂದೆ ಪ್ರತಿವರ್ಷವೂ ಮಳೆಗಾಲಕ್ಕೆ ಮುಂಚೆ ಏಣಿಯೇರಿ ಹೆಂಚು ಕೈಯಾಡಿಸುವವನ ಹೆಸರನ್ನು ಯಾರೂ ಕೇಳುವುದಿಲ್ಲ. ಸೂರು ಸೋರಿದ ದಿನ ಮಾತ್ರ ಅವನ ನೆನಪಾಗುತ್ತದೆ. ಆಗಲೂ ಆ ನೆನಪಿನಲ್ಲಿ ಪ್ರೀತಿಗಿಂತ ಬೈಗುಳವೇ ಹೆಚ್ಚು. ಮನೆ, ಕೆರೆ, ದೇವಸ್ಥಾನಗಳ ವಿಷಯದಲ್ಲಿ ಎಂದೋ ಹಳೆಯದಾದ ಈ ಮಾತು, ನಿನ್ನೆ ಮೊನ್ನೆ ಹುಟ್ಟಿದ ನನ್ನ ಹೊಟ್ಟೆಪಾಡಿನ ವಿದ್ಯೆಗೂ ಅಕ್ಷರಶಃ ಅನ್ವಯಿಸುತ್ತದೆಯೆಂದರೆ ಓದುಗರಿಗೆ ಆಶ್ಚರ್ಯವಾಗಬಹುದು.

ನಾನು ಬೆಂಗಳೂರಿನ ಕಚೇರಿಯೊಂದರಲ್ಲಿ ಕಂಪ್ಯೂಟರಿನ ಕೆಲಸ ಮಾಡುವವನು. ಆ ಕೆಲಸ ಏನೆಂದು ಹೇಳುವುದು ಅದನ್ನು ಮಾಡುವುದಕ್ಕಿಂತ ಕಷ್ಟ. ಊರಿನಿಂದ ಬಂದಿದ್ದ ಸೋದರಮಾವ ಒಮ್ಮೆ, “ಅಲ್ಲವೋ, ಬೆಳಗಿನಿಂದ ಸಂಜೆಯವರೆಗೆ ಆ ಪರದೆಯನ್ನೇ ನೋಡುತ್ತೀಯಲ್ಲ, ಅಲ್ಲಿ ಮಾಡುವುದಾದರೂ ಏನು?” ಎಂದು ಕೇಳಿದರು. “ಪೆಟ್ಟಿಗೆಗಳನ್ನು ನೋಡಿಕೊಳ್ಳುತ್ತೇನೆ, ಮಾವ” ಎಂದೆ. “ರೈಲ್ವೆಯ ಗೂಡ್ಸ್ ಷೆಡ್ಡಿನಲ್ಲೂ ಅದನ್ನೇ ಮಾಡುತ್ತಾರೆ. ಅದಕ್ಕೆ ಎಂಜಿನಿಯರಿಂಗ್ ಓದಬೇಕಾಗಿತ್ತೆ?” ಎಂದು ಅವರು ಎಲೆಗೆ ಸುಣ್ಣ ಹಚ್ಚತೊಡಗಿದರು. ಅವರ ಮಾತಿನಲ್ಲಿ ಅವರೇ ತಿಳಿದಿದ್ದಕ್ಕಿಂತ ಹೆಚ್ಚು ಸತ್ಯವಿತ್ತು.

ಏಕೆಂದರೆ ನಮ್ಮ ಪೆಟ್ಟಿಗೆಗೆ ಉಪಮಾನ ದೊರೆತದ್ದು ಸರಕು ಸಾಗಣೆಯಿಂದಲೇ. 1956ರ ಏಪ್ರಿಲ್ 26ರಂದು ಅಮೆರಿಕದ ನೂಅರ್ಕ್ ಬಂದರಿನಿಂದ ‘ಐಡಿಯಲ್ ಎಕ್ಸ್’ ಎಂಬ ಹಡಗು 58 ಲೋಹದ ಪೆಟ್ಟಿಗೆಗಳನ್ನು ಹೊತ್ತು ಹ್ಯೂಸ್ಟನ್ನಿಗೆ ಹೊರಟಿತು. ಹಾಗೆ ಕಳುಹಿಸಿದವನು ಲಾರಿಗಳ ಒಡೆಯನಾದ ಮಾಲ್ಕಮ್ ಮೆಕ್ಲೀನ್. ಅದಕ್ಕೆ ಹಿಂದೆ ಮೂಟೆ ಬೇರೆ, ಪೀಪಾಯಿ ಬೇರೆ, ಮರದ ದಿಮ್ಮಿ ಬೇರೆ. ಒಂದೊಂದನ್ನೂ ಕೂಲಿಗಳು ಹೊತ್ತು ಇಳಿಸಬೇಕಾಗಿತ್ತು. ಪೆಟ್ಟಿಗೆ ಬಂದ ಮೇಲೆ ಒಳಗೆ ಕಾಫಿಬೀಜವಿದೆಯೋ ಹೊಲಿಗೆಯಂತ್ರವಿದೆಯೋ ಎಂಬುದು ಕ್ರೇನಿಗೆ ಬೇಕಾಗಲಿಲ್ಲ. ಕಂಪ್ಯೂಟರಿನ ಕ್ರಮವಿಧಿಯನ್ನೂ ಹಾಗೆಯೇ, ಅದಕ್ಕೆ ಬೇಕಾದ ಸಾಮಗ್ರಿಯೊಡನೆ ಕಟ್ಟಿ ಮುಚ್ಚಳ ಹಾಕಿಬಿಟ್ಟರೆ ಯಾವ ಯಂತ್ರದಲ್ಲಿಟ್ಟರೂ ಒಂದೇ ರೀತಿ ನಡೆಯುತ್ತದೆ. ಇದನ್ನು ಜನಪ್ರಿಯಗೊಳಿಸಿದ್ದು 2013ರಲ್ಲಿ ಹೊರಬಂದ ‘ಡಾಕರ್’ ಎಂಬ ಸಾಧನ. “ನನ್ನ ಯಂತ್ರದಲ್ಲಿ ಸರಿಯಾಗಿಯೇ ನಡೆಯುತ್ತದೆಯಲ್ಲ!” ಎಂದು ಕೈತೊಳೆದುಕೊಳ್ಳುವ ನಮ್ಮವರ ಹಳೆಯ ನೆಪವನ್ನು ಅದು ಬಹುಮಟ್ಟಿಗೆ ಕಿತ್ತುಕೊಂಡಿತು.

ಪೆಟ್ಟಿಗೆ ಹತ್ತಿದ್ದರೆ ಒಬ್ಬ ಮನುಷ್ಯ ನೋಡಿಕೊಂಡಾನು, ಹತ್ತು ಸಾವಿರವಾದರೆ? ಯಾವುದನ್ನು ಯಾವ ಯಂತ್ರದಲ್ಲಿಡಬೇಕು, ಯಾವುದು ನಿಂತುಹೋಯಿತು, ಯಾವುದಕ್ಕೆ ಜೊತೆ ಬೇಕು ಎಂದು ನೋಡುವವರು ಯಾರು? ಇದಕ್ಕಾಗಿ ಗೂಗಲ್ ಸಂಸ್ಥೆಯ ಎಂಜಿನಿಯರುಗಳು 2014ರ ಜೂನಿನಲ್ಲಿ ಒಂದು ಸಾಧನವನ್ನು ಲೋಕದ ಮುಂದಿಟ್ಟರು. ಅದರ ಹೆಸರು ‘ಕುಬರ್ನೆಟೀಸ್’. ಗ್ರೀಕ್ ಭಾಷೆಯಲ್ಲಿ ಹಾಗೆಂದರೆ ಕರ್ಣಧಾರ, ಹಡಗಿನ ಚುಕ್ಕಾಣಿ ಹಿಡಿದವನು. 2015ರ ಜುಲೈಯಲ್ಲಿ ಮೊದಲನೆಯ ಪೂರ್ಣ ಆವೃತ್ತಿ ಬಂದಾಗ ಅದನ್ನು ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್ ಎಂಬ ಪ್ರತಿಷ್ಠಾನದ ವಶಕ್ಕೆ ಕೊಟ್ಟರು. ಅಂದಿನಿಂದ ಅದು ಸಾರ್ವಜನಿಕರ ಸ್ವತ್ತು. ಯಾರು ಬೇಕಾದರೂ ಬಿಡಿಗಾಸು ಕೊಡದೆ ಬಳಸಬಹುದು. ಹೆಸರು ಕೇಳಿದ ನಮ್ಮ ತಂದೆ, “ಕುಬೇರನಿಗೂ ಇದಕ್ಕೂ ಏನಾದರೂ ಸಂಬಂಧವಿದೆಯೆ?” ಎಂದರು. ಇದೆ. ಇದನ್ನು ಬಳಸಿ ಕುಬೇರರಾದವರು ಹಲವರು. ಇದನ್ನು ಕಾಯುತ್ತಿರುವವರಲ್ಲಿ ಕೆಲವರ ಕಥೆ ಮಾತ್ರ ಬೇರೆ.

ಈ ಕರ್ಣಧಾರನ ಸ್ವಭಾವವನ್ನು ತಿಳಿಯಬೇಕಾದರೆ ಗುಡಿಯ ನಂದಾದೀಪವನ್ನು ನೆನೆಯಬೇಕು. “ಈ ಪೆಟ್ಟಿಗೆಯ ಹತ್ತು ಪ್ರತಿಗಳು ಸದಾ ನಡೆಯುತ್ತಿರಬೇಕು” ಎಂದು ನಾವು ಬರೆದುಕೊಟ್ಟರೆ ಸಾಕು. ಇರಬೇಕಾದ ಸ್ಥಿತಿ ಒಂದು, ಇರುವ ಸ್ಥಿತಿ ಒಂದು. ಎರಡನ್ನೂ ಹೋಲಿಸಿ ನೋಡುವುದೇ ಅದರ ಕಾಯಕ. ಎಣಿಸಿದಾಗ ಒಂಬತ್ತೇ ಇದ್ದರೆ ಹತ್ತನೆಯದನ್ನು ಹಚ್ಚುತ್ತದೆ. ಹನ್ನೊಂದಿದ್ದರೆ ಒಂದನ್ನು ನಂದಿಸುತ್ತದೆ. ಯಂತ್ರವೇ ಕೆಟ್ಟು ಕೂತರೆ ಅದರಲ್ಲಿದ್ದ ಪೆಟ್ಟಿಗೆಗಳಿಗೆ ಬದಲನ್ನು ಬೇರೆ ಯಂತ್ರದಲ್ಲಿ ನಡೆಸುತ್ತದೆ. ನಡುರಾತ್ರಿಯಲ್ಲಿ ಅದಕ್ಕೆ ಬೇಸರವಿಲ್ಲ. ಹಬ್ಬಕ್ಕೆ ರಜೆ ಕೇಳುವುದಿಲ್ಲ.

ಆದರೆ ನಂದಾದೀಪವನ್ನು ಕಾಯುವ ಈ ಯಂತ್ರವನ್ನು ಕಾಯುವವರು ಯಾರು? ಅವರು ಮನುಷ್ಯರು. ಕೆಲವರಿಗೆ ಅವರವರ ಕಂಪನಿಗಳೇ ಇದಕ್ಕೆಂದು ಸಂಬಳ ಕೊಡುತ್ತವೆ. ಉಳಿದವರು ತಮ್ಮ ಕಚೇರಿ ಮುಗಿಸಿ, ಮಕ್ಕಳನ್ನು ಮಲಗಿಸಿ, ಆಮೇಲೆ ಕೂತುಕೊಳ್ಳುತ್ತಾರೆ. 2021ರಿಂದೀಚೆಗೆ ವರ್ಷಕ್ಕೆ ಮೂರರಂತೆ ಹೊಸ ಆವೃತ್ತಿಗಳು ಹೊರಬೀಳುತ್ತಿವೆ. ಒಂದೊಂದಕ್ಕೂ ಸುಮಾರು 14 ತಿಂಗಳ ಕಾಲ ತೇಪೆ ಹಾಕುವ ಹೊಣೆಯನ್ನು ಹೊತ್ತಿದ್ದಾರೆ. ಹೊಸ ಆವೃತ್ತಿಯನ್ನು ಹೊರತರುವ ತಂಡದಲ್ಲಿ ಹಿರಿಯರ ಹಿಂದೆ ‘ನೆರಳು’ಗಳೆಂಬ ಶಿಷ್ಯರಿರುತ್ತಾರೆ, ಇಂದಿನ ನೆರಳು ಮುಂದೊಂದು ದಿನ ತಾನೇ ಹಿರಿಯನಾದೀತೆಂದು ಆಸೆ.

ಅಲ್ಲಿಯ ವ್ಯವಹಾರವೆಲ್ಲ ಬಹಿರಂಗವಾದ್ದರಿಂದ, ಸಂಜೆ ಕಾಫಿ ಕುಡಿಯುತ್ತ ಅದನ್ನು ಓದುವುದು ನನಗೊಂದು ಅಭ್ಯಾಸವಾಗಿದೆ. ಕಾದಂಬರಿಗಿಂತ ಸ್ವಾರಸ್ಯವಾಗಿರುತ್ತದೆಂದರೆ ನಮ್ಮ ಮನೆಯಲ್ಲಿ ಯಾರೂ ನಂಬುವುದಿಲ್ಲ. ಯಾರೋ ಒಬ್ಬರು ಒಂದು ಸಾಲನ್ನು ತಿದ್ದಿ ಕಳುಹಿಸುತ್ತಾರೆ. ಆ ಭಾಗದ ಪರಿಶೀಲಕರು ಓದಿ, ಪ್ರಶ್ನೆ ಕೇಳಿ, ಮತ್ತೆ ತಿದ್ದಿಸಿ, ಕೊನೆಗೆ ‘ಎಲ್‌ಜಿಟಿಎಂ’ ಎಂಬ ನಾಲ್ಕಕ್ಷರ ಬರೆಯುತ್ತಾರೆ. “ನನ್ನ ಕಣ್ಣಿಗೆ ಸರಿಯಾಗಿದೆ” ಎಂದು ತಾತ್ಪರ್ಯ. ಅನಂತರ ಅನುಮೋದಕರು ಒಪ್ಪಬೇಕು. ಪ್ರತಿಯೊಂದು ವಿಭಾಗದಲ್ಲಿಯೂ ಇವರ ಹೆಸರಿನ ಪಟ್ಟಿಯಿದೆ. ಕೆಲವು ಪಟ್ಟಿಗಳ ಕೆಳಗಡೆ ವಿಶ್ರಾಂತ ಅನುಮೋದಕರ ಹೆಸರುಗಳೂ ಇವೆ. ಅವರಿಗೆ ಬೀಳ್ಕೊಡುಗೆಯ ಸಭೆಯಾಗಿರಲಾರದು, ಹಾರ ಹಾಕಿರಲಾರರು. ಹೆಸರು ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಇಳಿಯಿತು, ಅಷ್ಟೆ.

ದೂರುಗಳ ಗತಿಯಂತೂ ಇನ್ನೂ ವಿಚಿತ್ರ. ಒಂದು ದೂರಿನ ಮೇಲೆ 90 ದಿನ ಯಾರೂ ಮಾತಾಡದಿದ್ದರೆ ಒಂದು ಯಂತ್ರಭಟ ಬಂದು ‘ಹಳಸಿದ್ದು’ ಎಂದು ಚೀಟಿ ಅಂಟಿಸುತ್ತಾನೆ. ಮತ್ತೆ 30 ದಿನ ಕಳೆದರೆ ‘ಕೊಳೆತದ್ದು’. ಇನ್ನೂ 30 ದಿನವಾದರೆ ಕಡತವನ್ನೇ ಮುಚ್ಚಿಬಿಡುತ್ತಾನೆ. ನಮ್ಮ ಸರಕಾರಿ ಕಚೇರಿಗಳಲ್ಲಿ ಹೀಗೆ ಪ್ರಾಮಾಣಿಕವಾಗಿ ಚೀಟಿ ಅಂಟಿಸುವ ಪದ್ಧತಿಯಿಲ್ಲವಲ್ಲ ಎಂದು ಮೊದಲು ನಕ್ಕಿದ್ದೆ. ಆಮೇಲೆ ನಗು ಬರಲಿಲ್ಲ. ಬರುವ ದೂರು ನೂರು, ನೋಡುವ ಕಣ್ಣು ನಾಲ್ಕು. ಆ ಚೀಟಿ ಉದಾಸೀನದ ಗುರುತಲ್ಲ, ಕೈಸಾಲದ ಗುರುತು.

“ಚೆನ್ನಾಗಿ ನಡೆಯುತ್ತಿರುವುದನ್ನು ಸುಮ್ಮನೆ ಬಿಡಬಾರದೆ? ವರ್ಷಕ್ಕೆ ಮೂರು ಸಲ ಏಕೆ ಕೆದಕಬೇಕು?” ಎಂದು ಕೇಳುವವರುಂಟು. ಇದಕ್ಕೆ ಉತ್ತರ ಡಾಕರ್ ಪ್ರಸಂಗದಲ್ಲಿದೆ. ಡಾಕರ್ ಹುಟ್ಟಿದ್ದು ಮನುಷ್ಯರ ಕೈಬಳಕೆಗೆ. ಪೆಟ್ಟಿಗೆಗಳನ್ನು ನಡೆಸುವ ಸಾಧನಗಳೊಡನೆ ಮಾತಾಡಲು ಕರ್ಣಧಾರನು ಗೊತ್ತುಮಾಡಿಕೊಂಡ ಒಪ್ಪಂದದ ಭಾಷೆ ಅದಕ್ಕೆ ಬರುತ್ತಿರಲಿಲ್ಲ. ಆದ್ದರಿಂದ ಇವನ ಮನೆಯೊಳಗೇ ಒಬ್ಬ ದುಭಾಷಿಯನ್ನು ಇಟ್ಟುಕೊಳ್ಳಬೇಕಾಯಿತು. ವರ್ಷಗಳು ಕಳೆದಂತೆ ದುಭಾಷಿಯನ್ನು ಸಾಕುವುದೇ ದೊಡ್ಡ ಕೆಲಸವಾಯಿತು. ಆ ಭಾಷೆಯನ್ನೇ ನೇರವಾಗಿ ಬಲ್ಲ ಬೇರೆ ಸಾಧನಗಳೂ ಬಂದಿದ್ದವು. 2020ರ ಡಿಸೆಂಬರಿನಲ್ಲಿ, 1.20ನೆಯ ಆವೃತ್ತಿಯೊಡನೆ, ದುಭಾಷಿಗೆ ನಿವೃತ್ತಿಯೆಂದು ಸಾರಿದರು. ಜಗತ್ತಿನ ತುಂಬ ಹುಯಿಲೆದ್ದಿತು. ನಮ್ಮ ಕಚೇರಿಯಲ್ಲಿಯೂ ಡಾಕರ್ ಸತ್ತೇಹೋಯಿತೆಂದು ಒಂದು ಮಧ್ಯಾಹ್ನವೆಲ್ಲ ಸೂತಕದ ಮುಖಗಳು. “ಗಾಬರಿಯಾಗಬೇಡಿ” ಎಂಬ ತಲೆಬರಹದಲ್ಲಿಯೇ ಅವರು ಸಮಾಧಾನ ಬರೆಯಬೇಕಾಯಿತು: ಡಾಕರಿನಿಂದ ಕಟ್ಟಿದ ಪೆಟ್ಟಿಗೆಗಳು ಎಂದಿನಂತೆಯೇ ನಡೆಯುತ್ತವೆ, ಹೋಗುವುದು ನಡುವಣ ದುಭಾಷಿ ಮಾತ್ರ. 2022ರ ಮೇ ತಿಂಗಳಲ್ಲಿ, 1.24ನೆಯ ಆವೃತ್ತಿಯಲ್ಲಿ, ಅವನು ಹೊರಟುಹೋದ. ಸೇರಿಸುವುದಕ್ಕೆ ಉತ್ಸಾಹ ಸಾಕು. ತೆಗೆಯುವುದಕ್ಕೆ ವಿವೇಕವೂ ಬೇಕು, ಬೈಗುಳ ಕೇಳುವ ತಾಳ್ಮೆಯೂ ಬೇಕು. ಮದುವೆ ಮುಗಿದ ಮೇಲೆ ಚಪ್ಪರ ಬಿಚ್ಚುವವನೂ ಮದುವೆಯ ಕೆಲಸವನ್ನೇ ಮಾಡುತ್ತಾನೆಂಬುದು ಬೀಗರಿಗೆ ತೋಚುವುದಿಲ್ಲ.

ಇಷ್ಟಾದರೂ ಇದು ಸುಖಾಂತವಾದ ಕಥೆ. ಇನ್ನೊಂದು ಹಾಗಲ್ಲ.

ಕರ್ಣಧಾರನ ಪರಿವಾರದಲ್ಲಿ ‘ಇಂಗ್ರೆಸ್ ಎಂಜಿನ್‌ಎಕ್ಸ್’ ಎಂಬ ದ್ವಾರಪಾಲಕನಿದ್ದ. ಹೊರಗಿನಿಂದ ಬರುವ ಕೋರಿಕೆಗಳನ್ನು ಬಾಗಿಲಲ್ಲಿ ಬರಮಾಡಿಕೊಂಡು, ಯಾವುದು ಯಾವ ಪೆಟ್ಟಿಗೆಗೆ ಸೇರತಕ್ಕದ್ದೋ ಅಲ್ಲಿಗೆ ಕಳುಹಿಸುವುದು ಅವನ ಕೆಲಸ. ಮಾದರಿಗೆಂದು ಮಾಡಿದ್ದನ್ನು ಜನ ನಿಜಕ್ಕೇ ಇಟ್ಟುಕೊಂಡರು. ಲೆಕ್ಕವಿಲ್ಲದಷ್ಟು ಕಡೆ ಅವನೇ ಬಾಗಿಲು ಕಾದ. ಕೇಳಿದವರಿಗೆಲ್ಲ ಅನುಕೂಲ ಮಾಡಿಕೊಡುವುದು ಅವನ ಗುಣವಾಗಿತ್ತು. ಬಳಸುವವರು ತಮ್ಮದೇ ಆಜ್ಞೆಗಳ ತುಣುಕುಗಳನ್ನು ಅವನ ಕಿವಿಯಲ್ಲಿ ಊದಬಹುದಾಗಿತ್ತು. ಕಾಲಕ್ರಮದಲ್ಲಿ ಆ ಅನುಕೂಲವೇ ಕಳ್ಳಗಿಂಡಿಯಾಯಿತು. 2025ರ ಮಾರ್ಚಿನಲ್ಲಿ ಇವನಲ್ಲಿ ಕೆಲವು ಬಿರುಕುಗಳು ಬಯಲಾದವು. ಅವುಗಳಲ್ಲೊಂದರ ತೀವ್ರತೆ 10ಕ್ಕೆ 9.8. ಒಳಜಾಲಕ್ಕೆ ಕಾಲಿಟ್ಟ ಕಳ್ಳ ಯಾವ ಗುರುತುಚೀಟಿಯೂ ಇಲ್ಲದೆ ದ್ವಾರಪಾಲಕನನ್ನೇ ವಶಮಾಡಿಕೊಂಡು, ಮನೆಯ ರಹಸ್ಯಗಳನ್ನೆಲ್ಲ ಓದಬಹುದಾಗಿತ್ತು. ತೇಪೆ ಹಾಕಿದರು. ಹಾಕಿದವರೆಷ್ಟು ಜನ? ವರ್ಷಗಳಿಂದ ಆ ಯೋಜನೆಯ ಕೆಲಸ ಮಾಡುತ್ತಿದ್ದವರು ಒಬ್ಬರೋ ಇಬ್ಬರೋ. ಅದೂ ಸಂಬಳದ ಕೆಲಸ ಮುಗಿದ ಮೇಲೆ, ಶನಿವಾರ ಭಾನುವಾರಗಳಲ್ಲಿ. ಬೇರೊಬ್ಬ ದ್ವಾರಪಾಲಕನನ್ನು ಸಿದ್ಧಮಾಡಿ ಇದನ್ನು ಮುಚ್ಚುವೆವು, ಬನ್ನಿ ಎಂದು 2024ರಲ್ಲಿಯೇ ಕರೆದಿದ್ದರು. ಬೇಕಾದಷ್ಟು ಜನ ಬರಲಿಲ್ಲ. 2025ರ ನವೆಂಬರಿನಲ್ಲಿ ಕೊನೆಯ ಮಾತು ಹೊರಟಿತು: 2026ರ ಮಾರ್ಚಿನವರೆಗೆ ಆದಷ್ಟು ನೋಡಿಕೊಳ್ಳುತ್ತೇವೆ, ಆಮೇಲೆ ತಿದ್ದುಪಡಿಯಿಲ್ಲ, ಬಿರುಕು ಕಂಡರೂ ತೇಪೆಯಿಲ್ಲ.

ಆ ದಿನ ನಮ್ಮ ಕಚೇರಿಯ ತರುಣನೊಬ್ಬ ಕೆರಳಿ ನನ್ನ ಮೇಜಿನ ಬಳಿಗೆ ಬಂದ. “ನೋಡಿ ಸಾರ್, ಎಷ್ಟು ಬೇಜವಾಬ್ದಾರಿ! ಇಷ್ಟು ವರ್ಷ ನಂಬಿಸಿ ಈಗ ನಡುನೀರಿನಲ್ಲಿ ಕೈಬಿಟ್ಟರಲ್ಲ!” ಎಂದ. “ಅವರಿಗೆ ನಾವು ಎಷ್ಟು ಕೊಡುತ್ತಿದ್ದೆವಪ್ಪಾ?” ಎಂದು ಕೇಳಿದೆ. “ಅದು ಉಚಿತವಲ್ಲವೆ ಸಾರ್?” ಎಂದವನು, ತನ್ನ ಮಾತು ತನ್ನ ಕಿವಿಗೇ ಬಿದ್ದಂತಾಗಿ ಸುಮ್ಮನಾದ.

ನನ್ನನ್ನು ಅಂದಿನಿಂದ ಬಿಡದಿರುವ ಯೋಚನೆ ಇದು. ಬಿದ್ದ ಪೆಟ್ಟಿಗೆಯ ಜಾಗದಲ್ಲಿ ಕ್ಷಣಮಾತ್ರದಲ್ಲಿ ಇನ್ನೊಂದನ್ನು ನಿಲ್ಲಿಸುವ ವಿದ್ಯೆಯನ್ನು ಮನುಷ್ಯ ಕಂಡುಹಿಡಿದಿದ್ದಾನೆ. ದಣಿದು ಕೂತ ಮನುಷ್ಯನ ಜಾಗದಲ್ಲಿ ಇನ್ನೊಬ್ಬ ಮನುಷ್ಯನನ್ನು ನಿಲ್ಲಿಸುವ ವಿದ್ಯೆ ಮಾತ್ರ ಆ ಯಂತ್ರದಲ್ಲಿಲ್ಲ. ಹತ್ತಿರಬೇಕಾದಲ್ಲಿ ಒಂಬತ್ತಿದ್ದರೆ ಅದು ಎಚ್ಚರಗೊಳ್ಳುತ್ತದೆ. ಹತ್ತು ಜನ ಕಾಯಬೇಕಾದದ್ದನ್ನು ಇಬ್ಬರು ಕಾಯುತ್ತಿದ್ದರೆ ಅದಕ್ಕೆ ಕಾಣದು. ಆ ಲೆಕ್ಕವನ್ನು ನಾವೇ ಇಡಬೇಕು.

ನಮ್ಮ ಹಿರಿಯರು ಇಟ್ಟಿದ್ದರು. ಕನ್ನಡ ನಾಡಿನ ದಾನಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಒಡೆದದ್ದನ್ನೂ ಬಿರಿದದ್ದನ್ನೂ ಸರಿಪಡಿಸುವುದು ಎಂದು ಅದರ ಅರ್ಥ. ಗುಡಿಯ ನೈವೇದ್ಯಕ್ಕೆ, ನಂದಾದೀವಿಗೆಗೆ ಭೂಮಿ ಬಿಟ್ಟಂತೆ ಈ ದುರಸ್ತಿಗೂ ಬಿಡುತ್ತಿದ್ದರು. ಕಲ್ಲೂ ಬಿರಿಯುತ್ತದೆಂಬ ಅರಿವು, ಬಿರಿದಾಗ ಸರಿಪಡಿಸುವವನಿಗೂ ಹೊಟ್ಟೆಯಿದೆಯೆಂಬ ಅರಿವು, ಎರಡೂ ಅವರಿಗಿದ್ದವು. ಭಕ್ತಿಯಿದ್ದವನು ಬಿಡುವಿದ್ದಾಗ ಬಂದು ಮಾಡಲಿ ಎಂದು ಅವರು ಬಿಟ್ಟುಬಿಡಲಿಲ್ಲ.

ಈ ಮಾತನ್ನು ನಮ್ಮ ಮೇಲಧಿಕಾರಿಗಳ ಮುಂದೆ ಇಟ್ಟೆ. ಶಾಸನದ ಮಾತಿಗೆ ಅವರು ಮುಗುಳ್ನಕ್ಕರು. ಬಾಗಿಲಿಗೆ ಹೊಸ ಕಾವಲು ಹೂಡುವುದಕ್ಕೆ ತಗಲುವ ಖರ್ಚಿನ ಪಟ್ಟಿಯನ್ನು ಮುಂದಿಟ್ಟಾಗ ನಗು ಮಾಯವಾಗಿ ಕನ್ನಡಕ ಹಾಕಿಕೊಂಡರು. ಕೊನೆಗೆ, ನಾವು ಬಳಸುವ ಇಂಥ ಸಾಧನಗಳ ದುರಸ್ತಿಗೆಂದು ಪ್ರತಿ ಶುಕ್ರವಾರದ ಮಧ್ಯಾಹ್ನವನ್ನು ಇಬ್ಬರಿಗೆ ಬಿಟ್ಟುಕೊಡಲು ಒಪ್ಪಿದರು. ಭೂದಾನವಲ್ಲ, ಆದರೂ ದಾನವೇ.

ಆ ಇಬ್ಬರಲ್ಲಿ ಕೆರಳಿದ್ದ ತರುಣನೂ ಒಬ್ಬ. ಮೊದಲನೆಯ ತಿಂಗಳು ಅವನು ಹಳಸಿದ, ಕೊಳೆತ ದೂರುಗಳನ್ನು ಓದುವುದರಲ್ಲಿಯೇ ಕಳೆದ. ಆಮೇಲೆ ಒಂದು ಸಾಲು ತಿದ್ದಿ ಕಳುಹಿಸಿದ. ಪರಿಶೀಲಕರು ಎರಡು ಪ್ರಶ್ನೆ ಕೇಳಿದರು, ಉತ್ತರ ಬರೆದ. ಮೂರು ವಾರ ಸದ್ದಿಲ್ಲ. ಒಂದು ಬೆಳಗ್ಗೆ ಅವನ ಪರದೆಯಲ್ಲಿ ಆ ನಾಲ್ಕಕ್ಷರ ಬಂದಿತ್ತು. ಎಲ್ಲರನ್ನೂ ಕರೆದು ತೋರಿಸಿದ. ಅವನ ಮದುವೆಯ ಆಮಂತ್ರಣವನ್ನೂ ಅಷ್ಟು ಸಂಭ್ರಮದಿಂದ ಹಂಚಿರಲಿಲ್ಲ. ಆ ಒಂದು ಸಾಲಿನಿಂದ ಲೋಕದಲ್ಲಿ ಹೊಸದೇನೂ ಹುಟ್ಟಲಿಲ್ಲ. ಎಲ್ಲಿಯೋ ನಿಂತುಹೋಗಬಹುದಾಗಿದ್ದ ಒಂದು ಪೆಟ್ಟಿಗೆ ನಿಲ್ಲದೆ ನಡೆಯುತ್ತಿರುತ್ತದೆ. ಅದು ನಿಲ್ಲಲಿಲ್ಲವೆಂಬುದು ಯಾರ ಗಮನಕ್ಕೂ ಬರುವುದಿಲ್ಲ.