ಕಂಡವರು ಯಾರು?

ಪಾಠಶಾಲೆಯಲ್ಲಿ ಜ್ಯೋತಿಷವನ್ನೋದಿದವರಿಗೆ ದೃಗ್ಗಣಿತೈಕ್ಯವೆಂಬ ಮಾತು ಚಿರಪರಿಚಿತವಾದುದು. ಗಣಿತದಿಂದ ಬಂದುದು ಕಣ್ಣಿಗೆ ಕಂಡುದರೊಡನೆ ಹೊಂದಬೇಕು. ಹೊಂದದಿದ್ದಲ್ಲಿ ತಿದ್ದಬೇಕಾದುದು ಗಣಿತವನ್ನು, ಆಕಾಶವನ್ನಲ್ಲ. ಕೇರಳದ ಪರಮೇಶ್ವರನು 1431ರಲ್ಲಿ ರಚಿಸಿದ ಗ್ರಂಥದ ಹೆಸರೇ ‘ದೃಗ್ಗಣಿತ’. ಈ ತತ್ತ್ವವನ್ನು ನಾನು ಕಂಠಪಾಠ ಮಾಡಿದ್ದೆನೇ ಹೊರತು ಅರಿತಿರಲಿಲ್ಲ. 1980ರ ಫೆಬ್ರವರಿ 16ರ ಸೂರ್ಯಗ್ರಹಣದಂದು ಒಳಗೆ ಕುಳಿತು, ಗಡಿಯಾರವನ್ನೂ ನನ್ನ ಲೆಕ್ಕವನ್ನೂ ನೋಡಿ, “ಸ್ಪರ್ಶವಾಯಿತು” ಎಂದು ಕೂಗಿದೆ. ಅಂಗಳದಲ್ಲಿ ಸಗಣಿನೀರಿನ ಪಾತ್ರೆಯಲ್ಲಿ ಬಿಂಬವನ್ನು ನೋಡುತ್ತಿದ್ದ ಗುರುಗಳು “ನೀನು ಕಂಡೆಯೇನೋ?” ಎಂದರು. “ಲೆಕ್ಕದಲ್ಲಿ ಬಂದಿದೆ” ಎಂದೆ. “ಇಲ್ಲಿ ಇನ್ನೂ ಬಂದಿಲ್ಲ” ಎಂದರು.

ಆ ಪ್ರಶ್ನೆಯನ್ನು ಈಚೆಗೆ ಮತ್ತೆ ನೆನೆಯುವಂತಾಯಿತು. ಅಮೆರಿಕದ ಪಾಲೋಮಾರ್ ಬೆಟ್ಟದಲ್ಲಿ 48 ಅಂಗುಲದ ದೂರದರ್ಶಕವೊಂದು ಪ್ರತಿ ರಾತ್ರಿಯೂ ಆಕಾಶದ ಚಿತ್ರಗಳನ್ನು ತೆಗೆಯುತ್ತದೆ. ಹಳೆಯ ಚಿತ್ರದಲ್ಲಿಲ್ಲದ ಬೆಳಕು ಹೊಸದರಲ್ಲಿ ತೋರಿದರೆ ಅದು ಸಿಡಿದ ನಕ್ಷತ್ರವೋ, ಬರಿಯ ಕಲೆಯೋ ಎಂದು ವಿವೇಚಿಸುವುದು ಮನುಷ್ಯರ ಕೆಲಸವಾಗಿತ್ತು. ಆರು ವರ್ಷಗಳಲ್ಲಿ ಇದಕ್ಕೆ ಸುಮಾರು 2,200 ಗಂಟೆಗಳು ಸಂದುವು. 2023ರ ಅಕ್ಟೋಬರ್ 3ರಂದು ಅಂತಹದೊಂದು ಬೆಳಕು ಸಿಕ್ಕಿತು. 5ರಂದು ಬಿ.ಟಿ.ಎಸ್. ಬಾಟ್ ಎಂಬ ಕೃತಕ ಬುದ್ಧಿಯು ಅದನ್ನು ಗುರುತಿಸಿ, ಅದರ ವರ್ಣಪಟಲವನ್ನು ತೆಗೆಯುವಂತೆ ಅದೇ ಬೆಟ್ಟದ ಇನ್ನೊಂದು ದೂರದರ್ಶಕಕ್ಕೆ ತಾನೇ ತಿಳಿಸಿತು. ಮತ್ತೊಂದು ಯಂತ್ರಬುದ್ಧಿಯು ಆ ಪಟಲವನ್ನೋದಿ, ಶ್ವೇತಕುಬ್ಜ ನಕ್ಷತ್ರವೊಂದು ಸಿಡಿದುದೆಂದು ನಿರ್ಣಯಿಸಿತು. 7ರಂದು ವಾರ್ತೆ ಲೋಕಕ್ಕೆ ತಲಪಿತು. ನಡುವೆ ಯಾವ ಮನುಷ್ಯನೂ ಕೈಯಿಡಲಿಲ್ಲ.

ಹಾಗಾದರೆ ಕಂಡವರು ಯಾರು? ಲಡಾಖಿನ ಹಾನ್ಲೆಯ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕುಳಿತೇ ನಡೆಸುವರೆಂದು ತಿಳಿದಾಗ ಇಂತಹ ಕಸಿವಿಸಿಯಾಗಿರಲಿಲ್ಲ. ದೂರವಾದರೂ ಅಲ್ಲಿ ಒಬ್ಬ ದ್ರಷ್ಟಾರನಿದ್ದನು. ಇಲ್ಲಿ ನಾನು ಮೊದಲು ಮುನಿದೆನೆಂದು ಒಪ್ಪಿಕೊಳ್ಳುವೆನು. ಆದರೆ ಈ ಬುದ್ಧಿಗೆ ಪಾಠವಾದುದು ಹೇಗೆಂದು ಓದಿದ ಮೇಲೆ ಮುನಿಸು ಇಳಿಯಿತು. ಸುಮಾರು 16,000 ಬೆಳಕುಗಳ 14 ಲಕ್ಷಕ್ಕೂ ಮಿಕ್ಕ ಚಿತ್ರಗಳನ್ನು ಅದಕ್ಕೆ ತೋರಿಸಿದ್ದರು. ಇದು ನಕ್ಷತ್ರ, ಇದು ಅಲ್ಲ ಎಂಬ ನಿರ್ಣಯಗಳು ನಿದ್ದೆಗೆಟ್ಟು ನೋಡಿದ ಮನುಷ್ಯರವು. ಮರಳಿನ ಮೇಲೆ ಮಗುವಿನ ಕೈಹಿಡಿದು ತಿದ್ದಿಸಿದಂತೆಯೇ ಸರಿ. ಚಿಲಿ ದೇಶದಲ್ಲಿ 2025ರಲ್ಲಿ ಮೊದಲ ಚಿತ್ರಗಳನ್ನು ತೋರಿದ ರೂಬಿನ್ ವೀಕ್ಷಣಾಲಯವಂತೂ ರಾತ್ರಿಗೆ ಒಂದು ಕೋಟಿಯಷ್ಟು ಸೂಚನೆಗಳನ್ನು ಕೊಡುವಂತೆ ರಚಿತವಾದುದು. ಅಷ್ಟನ್ನು ನೋಡಲು ಯಾರ ಕಣ್ಣು ಸಾಕು?

ಆದರೂ ಕಲಿತ ಪಾಠದಲ್ಲಿಲ್ಲದುದು ಒಂದು ದಿನ ಆಕಾಶದಲ್ಲಿ ತೋರಬಹುದು. ಶಿಷ್ಯನು ಅದನ್ನು ಕಲೆಯೆಂದು ಒರೆಸಿಬಿಟ್ಟರೆ, “ಕಂಡೆಯೇನೋ?” ಎಂದು ಕೇಳುವ ಗುರುವೊಬ್ಬನು ಅಂಗಳದಲ್ಲಿರಬೇಕು. ಕೇಳುವ ಅಧಿಕಾರವು ನೋಡುವ ಅಭ್ಯಾಸವುಳ್ಳವನಿಗೆ ಮಾತ್ರ.

2025ರ ಸೆಪ್ಟೆಂಬರ್ 7ರ ರಾತ್ರಿ ಚಂದ್ರಗ್ರಹಣ. ಮೊಮ್ಮಗಳು ಮೊಬೈಲನ್ನು ನೋಡಿ “ತಾತ, ಗ್ರಹಣ ಹಿಡಿಯಿತು” ಎಂದಳು. “ಕಂಡೆಯೇನಮ್ಮ?” ಎಂದೆ. ಮೇಲೆ ಮೋಡವಿತ್ತು. ಅದು ಸರಿಯುವವರೆಗೂ ಇಬ್ಬರೂ ಅಂಗಳದಲ್ಲಿ ನಿಂತಿದ್ದೆವು.